ಮೋಟಾರಿನ ಶಾಫ್ಟಿಗೆ ಕಚ್ಚಿಕೊಂಡ ಹಳೆಯ ಪುಲ್ಲಿಯನ್ನು ಬಿಚ್ಚುವ ಬಗೆ

ಮರ ನುಣುಪು ಮಾಡುವ ರಂದಾ ಮಷೀನಿನ ಮೋಟಾರು ಕರಕರ ಸದ್ದು ಮಾಡತೊಡಗಿದರೆ ಸಾಮಾನ್ಯವಾಗಿ ಹೋಗಿರುವುದು ಬೇರಿಂಗ್. ಬೇರಿಂಗ್ ಬದಲಿಸಲು ಮುಂದಿನ ಕವರ್ ಬಿಚ್ಚಬೇಕು, ಕವರ್ ಬಿಚ್ಚಲು ಅದರ ಮುಂದೆ ಕೂತಿರುವ ಪುಲ್ಲಿ (ಬೆಲ್ಟ್ ಓಡುವ ಚಕ್ರ) ಹೊರಗೆ ಬರಬೇಕು. ಇಪ್ಪತ್ತು ಮೂವತ್ತು ವರ್ಷ ಕದಲದೆ ಕೂತ ಬೀಡಿನ (ಎರಕದ ಕಬ್ಬಿಣದ) ಪುಲ್ಲಿ ಕೇಳಿದ ಕೂಡಲೇ ಬರುವುದಿಲ್ಲ. ಒಂದಷ್ಟು ಎಳೆದು ನೋಡಿ, ಬೇಸತ್ತು, ದೊಡ್ಡ ಸುತ್ತಿಗೆ ಎತ್ತಿದ ಕ್ಷಣದಲ್ಲೇ ಹೆಚ್ಚಿನ ಮೋಟಾರುಗಳು ಹಾಳಾಗುವುದು. ಪುಲ್ಲಿಯ ಅಂಚು ಸಿಡಿಯುತ್ತದೆ, ಶಾಫ್ಟಿನ ತುದಿ ಅಣಬೆಯಂತೆ ಅರಳುತ್ತದೆ, ಹಿಂದಿನ ಬೇರಿಂಗಿನ ಓಟದ ದಾರಿಯಲ್ಲಿ ಗುಂಡುಗಳು ಗುಳಿ ಒತ್ತುತ್ತವೆ, ಕೆಲವೊಮ್ಮೆ ಬೀಡಿನ ಕವರೇ ಬಿರುಕು ಬಿಡುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಪುಲ್ಲಿ, ಶಾಫ್ಟ್ ಎರಡರಲ್ಲಿ ಒಂದು ಹೋಗಲೇಬೇಕೆಂದಾದರೆ ಪುಲ್ಲಿ ಹೋಗಲಿ. ಅದೇ ಅಳತೆಯ ಪುಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಲೇತಿನವರು ತಿರುವಿ ಕೊಡುತ್ತಾರೆ. ತಾಮ್ರದ ವೈಂಡಿಂಗಿನ, ಗಟ್ಟಿ ಮೈಯ ಹಳೆಯ ಮೋಟಾರಿನ ಶಾಫ್ಟ್ ಬಾಗಿದರೆ ಅದನ್ನು ಮತ್ತೆ ನೇರ ಮಾಡಿಸುವುದು ದೊಡ್ಡ ತಲೆನೋವು.

ಉದಾಹರಣೆಗೆ ಮರಗೆಲಸದ ಶೆಡ್ಡುಗಳಲ್ಲಿ ಬಹಳ ಕಾಣುವ 3 ಎಚ್‌ಪಿ, 1440 ಆರ್‌ಪಿಎಂ, ತ್ರೀ ಫೇಸ್ ಮೋಟಾರನ್ನು ಇಟ್ಟುಕೊಳ್ಳೋಣ. ಮೆಟ್ರಿಕ್ ಅಳತೆಯದಾದರೆ ಇದರ ಫ್ರೇಮ್ 100 (ಪಾದದಿಂದ ಶಾಫ್ಟಿನ ನಡುವಿನವರೆಗೆ 100 ಮಿ.ಮೀ. ಎತ್ತರ), ಶಾಫ್ಟ್ 28 ಮಿ.ಮೀ. ದಪ್ಪ, ಹೊರಗೆ ಚಾಚಿದ ಉದ್ದ 60 ಮಿ.ಮೀ., ಕೀ (ಪುಲ್ಲಿ ಶಾಫ್ಟಿನ ಮೇಲೆ ಜಾರಿ ತಿರುಗದಂತೆ ನಡುವೆ ಕೂರುವ ಉಕ್ಕಿನ ತುಂಡು) 8 ಮಿ.ಮೀ. ಅಗಲ 7 ಮಿ.ಮೀ. ಎತ್ತರ. 1 ಎಚ್‌ಪಿಯದಾದರೆ 80 ಫ್ರೇಮ್, 19 ಮಿ.ಮೀ. ಶಾಫ್ಟ್; 2 ಎಚ್‌ಪಿಯದಾದರೆ 90 ಫ್ರೇಮ್, 24 ಮಿ.ಮೀ. ಶಾಫ್ಟ್. ಇನ್ನೂ ಹಳೆಯ ಮೋಟಾರುಗಳಲ್ಲಿ ಮುಕ್ಕಾಲು ಇಂಚು, ಒಂದು ಇಂಚಿನ ಶಾಫ್ಟ್ ಬರುತ್ತದೆ. ಹಾಗಾಗಿ ನೇಮ್ ಪ್ಲೇಟ್ ಓದಿ ಊಹಿಸಬೇಡಿ, ವರ್ನಿಯರ್ ಹಿಡಿದು ಅಳೆಯಿರಿ.

ಯಾಕೆ ಕಚ್ಚಿಕೊಳ್ಳುತ್ತದೆ

ಮೊದಲ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಪುಲ್ಲಿಗೂ ಶಾಫ್ಟಿಗೂ ನಡುವೆ ಇರುವುದು ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಸಂದು. ಅದು ತುಂಬಿದ ಮೇಲೆ ತುಕ್ಕೇ ಬೆಣೆಯಾಗುತ್ತದೆ. ಮರದ ಹೊಟ್ಟು ಇದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹೊಟ್ಟು ಗಾಳಿಯ ತೇವ ಹೀರಿಕೊಂಡು ಶಾಫ್ಟಿನ ಸುತ್ತ ಒದ್ದೆ ಬಟ್ಟೆಯಂತೆ ಅಂಟಿಕೊಂಡಿರುತ್ತದೆ. ಹೊನ್ನೆಯಂತಹ ಒಗರಿನ ಮರದ ಹೊಟ್ಟು ಕಬ್ಬಿಣಕ್ಕೆ ತಾಗಿದ ಕಡೆ ಕಪ್ಪು ಕಲೆಯನ್ನೂ ಬಿಡುತ್ತದೆ.

ಎರಡನೆಯದನ್ನು ಹಲವರು ಗಮನಿಸುವುದಿಲ್ಲ. ಪುಲ್ಲಿಯನ್ನು ಶಾಫ್ಟಿಗೆ ಹಿಡಿಯುವ ತಲೆಯಿಲ್ಲದ ಸ್ಕ್ರೂ, ಅಂದರೆ ಗ್ರಬ್ ಸ್ಕ್ರೂ ಬಿಗಿದಾಗ ಅದರ ಮೂತಿ ಶಾಫ್ಟನ್ನು ಒತ್ತಿ ಸುತ್ತಲೂ ಸಣ್ಣ ಏರಿ ಎಬ್ಬಿಸುತ್ತದೆ. ಸ್ಕ್ರೂ ತೆಗೆದರೂ ಆ ಏರಿ ಅಲ್ಲೇ ಇರುತ್ತದೆ. ಪುಲ್ಲಿ ಎಳೆದಾಗ ಏರಿ ಪುಲ್ಲಿಯ ತೂತಿನ ಒಳಮೈಗೆ ಸಿಕ್ಕಿ ಗೀರುತ್ತದೆ. ಒಂದೆರಡು ಮಿ.ಮೀ. ಬಂದ ಪುಲ್ಲಿ ಅಲ್ಲೇ ನಿಂತುಬಿಟ್ಟರೆ ಅನುಮಾನ ಇದರ ಮೇಲೆ ಇರಲಿ.

ಮೂರನೆಯದು ಹಿಂದೆ ಯಾರೋ ಹೊಡೆದು ಅರಳಿಸಿದ ಶಾಫ್ಟಿನ ತುದಿ. ಅರಳಿದ ತುದಿಯನ್ನು ದಾಟಿ ಪುಲ್ಲಿ ಬರಲಾರದು. ಇದಲ್ಲದೆ ಪುಲ್ಲಿಯ ಅಂಚಿನಲ್ಲಿ ಕುಂಕುಮದಂತಹ ಕೆಂಪುಗಂದು ಪುಡಿ ಕಂಡರೆ ಪುಲ್ಲಿ ಸಡಿಲವಾಗಿಯೇ ಬಹಳ ದಿನ ಓಡಿದೆ ಎಂದು ತಿಳಿಯಿರಿ. ಉಜ್ಜಾಟದಿಂದ ಎದ್ದ ಪುಡಿ ಒಳಗೇ ಕೂತು ಕಚ್ಚಿಕೊಂಡಿರುತ್ತದೆ. ಅಂತಹ ಶಾಫ್ಟ್ ಸವೆದಿರುತ್ತದೆ ಎಂಬ ಸಿದ್ಧತೆಯಲ್ಲೇ ಇರಿ.

ಮೊದಲ ತಯಾರಿ

ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಟರ್ಮಿನಲ್ ಬಾಕ್ಸಿನ ಮುಚ್ಚಳ ತೆಗೆದು, ಟೆಸ್ಟರಿನಿಂದ ನೋಡಿ, ಯಾವ ವೈರು ಎಲ್ಲಿತ್ತು, ಹಿತ್ತಾಳೆ ಪಟ್ಟಿಗಳು ಹೇಗೆ ಕೂತಿದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೂರು ವೈರುಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ತಿರುಗುಮುರುಗಾಗಿ ಓಡುತ್ತದೆ. ಸಿಂಗಲ್ ಫೇಸ್ ಮೋಟಾರಾದರೆ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಹೊಡೆಯಬಲ್ಲದು. ಅದರ ಎರಡು ತುದಿಗೂ ಹೋಲ್ಡರಿನಲ್ಲಿ ಹಾಕಿದ ಹಳೆಯ ಮಾದರಿಯ ಬಲ್ಬಿನ ವೈರುಗಳನ್ನು ಕೆಲ ಕ್ಷಣ ಹಿಡಿದು ಖಾಲಿ ಮಾಡಿ.

ಬೆಲ್ಟನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯಬೇಡಿ, ಬೀಡಿನ ಗಾಡಿಯ (ಬೆಲ್ಟ್ ಕೂರುವ ಕಾಲುವೆಯ) ಅಂಚು ಚಕ್ಕೆ ಏಳುತ್ತದೆ. ಮೋಟಾರಿನ ಪಾದದ ಬೋಲ್ಟ್ ಸಡಿಲಿಸಿ, ಮೋಟಾರನ್ನು ಒಳಗೆ ಸರಿಸಿ, ಬೆಲ್ಟ್ ಜೋತುಬಿದ್ದ ಮೇಲೆ ಕೈಯಲ್ಲೇ ತೆಗೆಯಿರಿ. ಮೋಟಾರನ್ನು ಮಷೀನಿನ ಹೊಟ್ಟೆಯೊಳಗೇ ಇಟ್ಟು ಪುಲ್ಲಿ ಎಳೆಯಲು ಹೋಗುವುದು ವ್ಯರ್ಥ ಪ್ರಯಾಸ. ಬೀಡಿನ ಮೈಯ 3 ಎಚ್‌ಪಿ ಮೋಟಾರು 30 ಕಿಲೋಗೂ ಹೆಚ್ಚು ತೂಗುವುದರಿಂದ ಇಬ್ಬರು ಹಿಡಿದು ಹೊರಗೆ ತನ್ನಿ. ಹೊರಗೆ ಎಂದರೆ ಶೆಡ್ಡಿನಿಂದಲೇ ಹೊರಗೆ, ಹೊಟ್ಟು ಇಲ್ಲದ ಜಾಗಕ್ಕೆ. ಮುಂದೆ ಬೆಂಕಿ, ಕಿಡಿ ಎರಡೂ ಬೇಕಾಗಬಹುದು. ಮೋಟಾರಿನ ಫ್ಯಾನ್ ಕವರಿನೊಳಗೆ, ಮೈಯ ಪಟ್ಟಿಗಳ ನಡುವೆ ತುಂಬಿದ ಹೊಟ್ಟನ್ನೂ ಬ್ರಶ್ಶಿನಿಂದ ಪೂರ್ತಿ ತೆಗೆಯಿರಿ.

ಈಗ ಅಳತೆ ಬರೆದಿಟ್ಟುಕೊಳ್ಳಿ: ಪುಲ್ಲಿಯ ಹೊರ ವ್ಯಾಸ, ಗಾಡಿ ಎಷ್ಟು, ಬೆಲ್ಟ್ ಎ ಸೆಕ್ಷನ್ನೋ (ಮೇಲಗಲ 13 ಮಿ.ಮೀ.) ಬಿ ಸೆಕ್ಷನ್ನೋ (17 ಮಿ.ಮೀ.), ಶಾಫ್ಟಿನ ದಪ್ಪ, ಕೀ ಅಗಲ, ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖಕ್ಕೆ ಎಷ್ಟು ದೂರ. ಪುಲ್ಲಿ ಒಡೆದುಹೋದ ಮೇಲೆ ಈ ಅಳತೆ ಹುಡುಕುವುದು ಕಷ್ಟ.

ಏನು ಹಿಡಿದಿದೆ ಎಂದು ಮೊದಲು ಹುಡುಕಿ

ಬಿಚ್ಚದ ಪುಲ್ಲಿಗಳಲ್ಲಿ ಎಷ್ಟೋ ನಿಜಕ್ಕೂ ಕಚ್ಚಿಕೊಂಡವಲ್ಲ, ಒಂದು ಸ್ಕ್ರೂ ಇನ್ನೂ ಒಳಗೆ ಉಳಿದಿರುವಂಥವು. ವೈರ್ ಬ್ರಶ್, ಸೀಮೆಎಣ್ಣೆ ತಗೊಂಡು ಪುಲ್ಲಿಯ ಬುಡವನ್ನು (ಶಾಫ್ಟ್ ಅಪ್ಪಿಕೊಂಡ ದಪ್ಪ ಭಾಗ) ಬರಿಯ ಲೋಹ ಕಾಣುವವರೆಗೆ ಉಜ್ಜಿ. ಬಣ್ಣದ ಕೆಳಗೆ, ಹೊಟ್ಟು ಗ್ರೀಸ್ ಸೇರಿ ಗಟ್ಟಿಯಾದ ಮೇಣದ ಕೆಳಗೆ ಸ್ಕ್ರೂ ಅಡಗಿರುತ್ತದೆ. ಸಣ್ಣ ಪುಲ್ಲಿಗಳಲ್ಲಿ, ಮೆಟ್ಟಿಲು ಪುಲ್ಲಿಗಳಲ್ಲಿ ಬುಡಕ್ಕೆ ಜಾಗವಿಲ್ಲದೆ ಸ್ಕ್ರೂ ಬೆಲ್ಟ್ ಗಾಡಿಯ ತಳದಲ್ಲೇ ಇರುತ್ತದೆ, ಅಲ್ಲಿಯೂ ಚೂಪಾದ ಮೊಳೆಯಿಂದ ಕೆರೆದು ನೋಡಿ. ಒಂದು ಸಿಕ್ಕಿದರೆ ಅಲ್ಲಿಗೆ ನಿಲ್ಲಬೇಡಿ. ಸಾಮಾನ್ಯವಾಗಿ ಒಂದು ಸ್ಕ್ರೂ ಕೀ ಮೇಲೆ, ಇನ್ನೊಂದು ಅದಕ್ಕೆ 90 ಡಿಗ್ರಿಯಲ್ಲಿ ಇರುತ್ತದೆ.

ಅದಕ್ಕಿಂತ ದೊಡ್ಡ ಮೋಸ ಒಂದರ ಮೇಲೊಂದು ಕೂತ ಸ್ಕ್ರೂಗಳದು. ಸಡಿಲವಾಗದಿರಲಿ ಎಂದು ಒಂದೇ ತೂತಿನಲ್ಲಿ ಎರಡು ಗ್ರಬ್ ಸ್ಕ್ರೂ ಹಾಕಿರುತ್ತಾರೆ. ಮೇಲಿನದನ್ನು ತೆಗೆದ ಮೇಲೆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ತಂತಿ ಇಳಿಸಿ ತಡವಿ. ತಳ ನುಣುಪಾಗಿದ್ದರೆ ಅದು ಶಾಫ್ಟ್ ಅಥವಾ ಕೀ. ಆರು ಮೂಲೆಯ ಗುಳಿ ತಾಗಿದರೆ ಇನ್ನೊಂದು ಸ್ಕ್ರೂ ಕಾಯುತ್ತಿದೆ.

ಶಾಫ್ಟಿನ ತುದಿಯನ್ನೂ ನೋಡಿ. ಅಲ್ಲಿ ಬೋಲ್ಟ್ ಮತ್ತು ದಪ್ಪ ವಾಷರ್, ಇಲ್ಲವೇ ಸರ್ಕ್ಲಿಪ್ (ಬಾಯಿ ತೆರೆದ ಸ್ಪ್ರಿಂಗ್ ಉಂಗುರ) ಇದ್ದರೆ ಮೊದಲು ತೆಗೆಯಬೇಕು. ಕೀಗೆ ಪುಲ್ಲಿಯ ಹೊರಗೆ ಚಾಚಿದ ಮೂಗಿನಂತಹ ತಲೆ ಇದ್ದರೆ ಅದು ಇಳಿಜಾರು ಕೀ, ನೂರು ಮಿ.ಮೀ.ಗೆ ಒಂದು ಮಿ.ಮೀ. ಇಳಿಜಾರಿನಲ್ಲಿ ಬೆಣೆಯಂತೆ ಹೊಡೆದು ಕೂರಿಸಿರುವಂಥದ್ದು. ಇಂತಹ ಕೀಯನ್ನು ಮೊದಲು ಹೊರಗೆ ತರಬೇಕು, ಆಮೇಲೆ ಪುಲ್ಲಿ. ಕೀ ತಲೆಗೂ ಪುಲ್ಲಿಯ ಮುಖಕ್ಕೂ ನಡುವಿನ ಸಂದಿಗೆ ಎರಡು ತೆಳು ಉಕ್ಕಿನ ಬೆಣೆಗಳನ್ನು ಎದುರುಬದುರಾಗಿ ಇಟ್ಟು ಸಮನಾಗಿ ಹೊಡೆದರೆ ಕೀ ಹೊರಕ್ಕೆ ಜಾರುತ್ತದೆ.

ಬುಡದ ಮುಖದಲ್ಲಿ, ಶಾಫ್ಟಿಗೂ ಪುಲ್ಲಿಗೂ ನಡುವೆ ಸೀಳಿದ ಇನ್ನೊಂದು ಉಂಗುರ ಕಂಡರೆ ಅದು ಟೇಪರ್ ಲಾಕ್ ಬುಶ್. ಅದರ ಎರಡು ಸ್ಕ್ರೂ ತೆಗೆದು, ಅವುಗಳಲ್ಲಿ ಒಂದನ್ನು ಖಾಲಿ ಇರುವ ಮೂರನೆಯ ತೂತಿಗೆ ಹಾಕಿ ಬಿಗಿಯುತ್ತ ಹೋದರೆ ಬುಶ್ ತಾನೇ ಬಿಡುತ್ತದೆ. ಪುಲ್ಲರ್ (ಬೋಲ್ಟ್ ಬಿಗಿಯುತ್ತ ಪುಲ್ಲಿಯನ್ನು ಎಳೆಯುವ ಸಾಧನ) ಬೇಕಿಲ್ಲ.

ಗ್ರಬ್ ಸ್ಕ್ರೂ ತೆಗೆಯುವಾಗ

ಅಲೆನ್ ಕೀ ಸರಿಯಾದ ಅಳತೆಯದೇ ಇರಲಿ. ಎಂ6 (6 ಮಿ.ಮೀ. ದಪ್ಪದ) ಸ್ಕ್ರೂಗೆ 3 ಮಿ.ಮೀ., ಎಂ8ಕ್ಕೆ 4, ಎಂ10ಕ್ಕೆ 5. ಇಂಚಿನ ಸ್ಕ್ರೂಗಳಲ್ಲಿ ಕಾಲು ಇಂಚಿನದಕ್ಕೆ 1/8, 5/16ಕ್ಕೆ 5/32. 5/32 ಎಂದರೆ 3.97 ಮಿ.ಮೀ. ಆದ್ದರಿಂದ 4 ಮಿ.ಮೀ. ಕೀ ಹೇಗೋ ನುಗ್ಗಬಹುದು. ಆದರೆ 1/8 ಎಂದರೆ 3.18 ಮಿ.ಮೀ., ಅಲ್ಲಿ 3 ಮಿ.ಮೀ. ಕೀ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಸ್ಕ್ರೂ ಕೈಬಿಟ್ಟುಹೋಗುತ್ತದೆ. ಕೀ ತುದಿ ದುಂಡಗಾಗಿದ್ದರೆ ಗ್ರೈಂಡರಿನಲ್ಲಿ 2–3 ಮಿ.ಮೀ. ಅಡ್ಡಕ್ಕೆ ಉಜ್ಜಿ ಹೊಸ ಮೂಲೆ ತನ್ನಿ. ಸ್ಕ್ರೂವಿನ ಗುಳಿಯೊಳಗಿನ ಕೊಳೆಯನ್ನು ದಬ್ಬಣದ ತುದಿಯಿಂದ ಪೂರ್ತಿ ಕೆದಕಿ ತೆಗೆಯಿರಿ. ಕೀ ತಳದವರೆಗೆ ಇಳಿಯದಿದ್ದರೆ ಎಷ್ಟು ಒಳ್ಳೆಯ ಕೀಯೂ ಜಾರುತ್ತದೆ.

ಎಣ್ಣೆ ಬಿಟ್ಟು ಒಂದು ಗಂಟೆ ಬಿಡಿ. ಕೀ ಇಟ್ಟು ಅದರ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕಾರು ಸಲ ಕುಟ್ಟಿ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚಿ. ತುಕ್ಕಿನ ಹಿಡಿತ ಒಡೆಯಲು ಯಾವ ದಿಕ್ಕಾದರೂ ಆದೀತು, ಬಿಗಿಯುವ ದಿಕ್ಕಿನಲ್ಲಿ ಗುಳಿಯ ಸವೆಯದ ಮಗ್ಗುಲು ಸಿಗುತ್ತದೆ. ಮೂಲೆ ಸವೆದಿದ್ದರೆ ಸ್ವಲ್ಪ ದೊಡ್ಡ ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಬಿಟ್ಟನ್ನು ಹೊಡೆದು ಕೂರಿಸಿ ತಿರುಗಿಸುವುದು ಬಹುಪಾಲು ಫಲ ಕೊಡುತ್ತದೆ. ಅದೂ ಆಗದಿದ್ದರೆ ಡ್ರಿಲ್. ಎಂ8ಕ್ಕೆ 6.8 ಮಿ.ಮೀ., ಎಂ10ಕ್ಕೆ 8.5 ಮಿ.ಮೀ. ದಾಟಬೇಡಿ. ಗ್ರಬ್ ಸ್ಕ್ರೂ ಗಟ್ಟಿ ಉಕ್ಕಿನದಾದ್ದರಿಂದ ಕೋಬಾಲ್ಟ್ ಬಿಟ್, ನಿಧಾನ ವೇಗ ಬೇಕು. ಸ್ಕ್ರೂ ತೆಳ್ಳಗಾಗುತ್ತಿದ್ದಂತೆ ನಿಲ್ಲಿಸಿ, ಕೆಳಗೆ ಶಾಫ್ಟ್ ಇದೆ.

ಎಣ್ಣೆ ಇಳಿಸುವುದು

ಸ್ಕ್ರೂಗಳೆಲ್ಲ ಹೊರಗೆ ಬಂದ ಮೇಲೆ ಅವುಗಳ ತೂತುಗಳೇ ಎಣ್ಣೆಗೆ ಒಳ್ಳೆಯ ದಾರಿ. ಶಾಫ್ಟ್ ಮೇಲ್ಮುಖವಾಗುವಂತೆ ಮೋಟಾರನ್ನು ಹಲಗೆಗಳ ಮೇಲೆ ನಿಲ್ಲಿಸಿ. ಫ್ಯಾನ್ ಕವರಿನ ಮೇಲೆ ಭಾರ ಬೀಳದಂತೆ ಮೈಯ ಅಂಚಿಗೆ ಆಧಾರ ಕೊಡಿ. ಪುಲ್ಲಿಯ ಹಿಂದೆ ಶಾಫ್ಟಿನ ಸುತ್ತ ಹತ್ತಿ ಬಟ್ಟೆ ಬಿಗಿಯಾಗಿ ಸುತ್ತಿ. ಇಳಿದ ಎಣ್ಣೆ ಬೇರಿಂಗಿನ ಗ್ರೀಸ್ ತೊಳೆದು ವೈಂಡಿಂಗ್ ಕಡೆ ಹರಿಯಬಾರದು.

ತುಕ್ಕು ಬಿಡಿಸುವ ಸ್ಪ್ರೇ ಇದ್ದರೆ ಸರಿ. ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ತೆಳು ಎಂಜಿನ್ ಆಯಿಲ್ ಬೆರೆಸಿದರೂ ನಡೆಯುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ. ಶಾಫ್ಟಿನ ಸುತ್ತ, ಕೀ ಗಾಡಿಯ ಸಂದಿನಲ್ಲಿ, ಸ್ಕ್ರೂ ತೂತುಗಳಲ್ಲಿ ಹನಿಹನಿಯಾಗಿ ಬಿಡಿ. ಒಂದೇ ಸಲ ಸುರಿಯುವುದರಿಂದ ಪ್ರಯೋಜನವಿಲ್ಲ; ಮೂರು ನಾಲ್ಕು ಗಂಟೆಗೊಮ್ಮೆ ನಾಲ್ಕು ಹನಿಯಂತೆ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಒಳಗೆ ಇಳಿಯುತ್ತದೆ. ಪ್ರತಿ ಸಲ ಬುಡದ ಮೇಲೆ ಹಿತ್ತಾಳೆ ಸುತ್ತಿಗೆಯಿಂದ ಸುತ್ತಲೂ ಹತ್ತಿಪ್ಪತ್ತು ಸಣ್ಣ ಪೆಟ್ಟು ಕೊಡಿ. ಆ ಕಂಪನಕ್ಕೆ ತುಕ್ಕಿನಲ್ಲಿ ಕೂದಲೆಳೆ ಬಿರುಕು ಬಿದ್ದು ಎಣ್ಣೆಗೆ ದಾರಿಯಾಗುತ್ತದೆ. ಪೆಟ್ಟು ಬುಡಕ್ಕೆ ಮಾತ್ರ. ಗಾಡಿಯ ಅಂಚಿಗೆ, ಬುಡದಿಂದ ಅಂಚಿಗೆ ಹೋಗುವ ಕಡ್ಡಿಗಳಿಗೆ ಬೇಡ. ಬೀಡು ಒತ್ತಡ ತಾಳುತ್ತದೆ, ಪೆಟ್ಟು ಮತ್ತು ಎಳೆತ ತಾಳುವುದಿಲ್ಲ.

ಕಾಯುವ ಹೊತ್ತಿನಲ್ಲಿ ಶಾಫ್ಟಿನ ಹೊರಗೆ ಕಾಣುವ ಭಾಗವನ್ನು ಸಿದ್ಧಪಡಿಸಿ. ತುದಿ ಅರಳಿದ್ದರೆ ಅರದಿಂದ ಸುತ್ತಲೂ ಇಳಿಜಾರು ಕೊಡಿ. ತುದಿಯಿಂದ ಪುಲ್ಲಿಯವರೆಗಿನ ತುಕ್ಕನ್ನು 120 ನಂಬರಿನ ಎಮರಿ ಪಟ್ಟಿಯಿಂದ ತೆಗೆದು ಎಣ್ಣೆ ಹಚ್ಚಿ. ಇಲ್ಲಿ ಒಂದು ಗಂಟೆ ಕಳೆದರೂ ನಷ್ಟವಿಲ್ಲ, ಪುಲ್ಲಿ ಸಾಗಬೇಕಾದ ದಾರಿಯೇ ಅದು.

ಪುಲ್ಲರ್ ಹಾಕುವುದು

ಕಾಲುಗಳಿರುವ ಪುಲ್ಲರನ್ನು ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಹಿಡಿತ ಇರುವುದು ಬುಡದಲ್ಲಿ, ಎಳೆಯುವುದು ಅಂಚಿನಲ್ಲಿ. ನಡುವಿನ ತೆಳು ತಟ್ಟೆ ಬಾಗಲಾರದೆ ಒಡೆಯುತ್ತದೆ. ಕಾಲುಗಳು ಬುಡದ ಹಿಂಭಾಗಕ್ಕೆ, ಇಲ್ಲವೇ ಕಡ್ಡಿಗಳು ಬುಡ ಸೇರುವ ಜಾಗಕ್ಕೆ ಕೂರಬೇಕು. ಎರಡು ಕಾಲಿನದಕ್ಕಿಂತ ಮೂರು ಕಾಲಿನದು ಲೇಸು, ಓರೆಯಾಗುವುದಿಲ್ಲ. 28 ಮಿ.ಮೀ. ಶಾಫ್ಟಿಗೆ 6 ಇಂಚಿನ ಪುಲ್ಲರ್ ಸಾಕು.

ತೊಂದರೆ ಏನೆಂದರೆ, ಪುಲ್ಲಿಗೂ ಮೋಟಾರಿನ ಕವರಿಗೂ ನಡುವೆ ಹಲವು ಸಲ ಬೆರಳೂ ತೂರುವುದಿಲ್ಲ. ಆಗ ನನ್ನ ಮತ ಮುಂದಿನಿಂದಲೇ ಎಳೆಯುವ ಉಪಾಯದ ಕಡೆಗೆ. ಬುಡದ ಮುಖದಲ್ಲಿ, ಶಾಫ್ಟಿನ ಎರಡೂ ಮಗ್ಗುಲಿಗೆ ಎದುರುಬದುರಾಗಿ, ಕೀ ಗಾಡಿಯಿಂದ ದೂರವಾಗಿ, ಎರಡು ತೂತು ಕೊರೆಯಿರಿ: 6.8 ಮಿ.ಮೀ. ಡ್ರಿಲ್, 20 ಮಿ.ಮೀ. ಆಳ, ಎಂ8 ಟ್ಯಾಪ್ (ತೂತಿನೊಳಗೆ ಬೋಲ್ಟಿನ ಮರೆ, ಅಂದರೆ ಸುರುಳಿ ಗೆರೆ, ಕೊರೆಯುವ ಸಾಧನ). ಬೀಡನ್ನು ಎಣ್ಣೆ ಹಾಕದೆ ಒಣಗೇ ಕೊರೆಯಬೇಕು, ಟ್ಯಾಪನ್ನು ಆಗಾಗ ಹಿಂದಕ್ಕೆ ತಿರುಗಿಸಿ ಪುಡಿ ತೆಗೆಯಬೇಕು. ಬುಡದ ಗೋಡೆ ಸುಮಾರು 14 ಮಿ.ಮೀ. ಆದರೂ ದಪ್ಪ ಇರಬೇಕು, ಅದಕ್ಕಿಂತ ತೆಳ್ಳಗಿದ್ದರೆ ಎಂ6 ಹಾಕಿ. ಈಗ 12 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯೊಂದರಲ್ಲಿ ಅದೇ ಅಂತರದಲ್ಲಿ ಎರಡು ತೂತು, ನಡುವೆ ಎಂ16 ನಟ್ ವೆಲ್ಡ್ ಮಾಡಿದ ಇನ್ನೊಂದು ತೂತು. ಪಕ್ಕದ ಎರಡು ಬೋಲ್ಟ್ ಬುಡಕ್ಕೆ ಕಚ್ಚುತ್ತವೆ, ನಡುವಿನ ಎಂ16 ಬೋಲ್ಟ್ ಶಾಫ್ಟನ್ನು ಒತ್ತುತ್ತದೆ. ಎಳೆತ ನೇರ ಬುಡಕ್ಕೇ ಸಿಗುವುದರಿಂದ ತಟ್ಟೆ ಒಡೆಯುವ ಭಯವಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ ಇದು, ಇದೇ ಅಳತೆಯ ಮುಂದಿನ ಪುಲ್ಲಿಗಳಿಗೂ ಬರುತ್ತದೆ. ಮುಂದೆ ಮತ್ತೆ ಬಿಚ್ಚುವಾಗಲೂ ಅದೇ ತೂತುಗಳು ಉಪಯೋಗಕ್ಕೆ ಬರುತ್ತವೆ.

ಶಾಫ್ಟಿನ ತುದಿಯ ನಡುವಿನ ಗುಳಿಯನ್ನು ಕಾಪಾಡಿ. ಮುಂದೆ ಎಂದಾದರೂ ರೋಟರನ್ನು ಲೇತಿಗೆ ಹಾಕಬೇಕಾದರೆ ಆ ಗುಳಿಯೇ ಆಧಾರ. ಮೆಟ್ರಿಕ್ ಮೋಟಾರುಗಳಲ್ಲಿ ಅಲ್ಲಿ ಮರೆ ಕೊರೆದಿರುತ್ತದೆ: 19 ಮಿ.ಮೀ. ಶಾಫ್ಟಿಗೆ ಎಂ6, 24ಕ್ಕೆ ಎಂ8, 28ಕ್ಕೆ ಎಂ10. ಅಳತೆಗೆ ತಕ್ಕ ಗಿಡ್ಡ ಬೋಲ್ಟನ್ನು ತಲೆ ಶಾಫ್ಟಿನ ಮುಖಕ್ಕೆ ಕೂರುವವರೆಗೆ ತಿರುಗಿಸಿ, ಬೋಲ್ಟಿನ ತಲೆಯ ನಡುವೆ ಸೆಂಟರ್ ಪಂಚ್‌ನಿಂದ ಗುಳಿ ಹೊಡೆದು, ಪುಲ್ಲರಿನ ಮೊನೆಯನ್ನು ಅಲ್ಲಿ ಇಡಿ. ಬೋಲ್ಟ್ ತಲೆ ಪುಲ್ಲಿಯ ತೂತಿಗಿಂತ ಚಿಕ್ಕದಿರಬೇಕು. ಮರೆ ಇಲ್ಲದಿದ್ದರೆ ಹಿತ್ತಾಳೆ ಬಿಲ್ಲೆ ಸಾಕು.

ಕೈಯಲ್ಲೇ ಬಿಗಿ ಮಾಡಿ, ಎಲ್ಲ ಕಡೆಯಿಂದ ನೋಡಿ ಪುಲ್ಲರ್ ಶಾಫ್ಟಿನ ನೇರಕ್ಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಪಾನಾದಿಂದ ಕಾಲು ಸುತ್ತು. ಪಾನಾಕ್ಕೆ ಪೈಪ್ ಸೇರಿಸಬೇಡಿ. ಗಟ್ಟಿಯಾಯಿತು ಎನಿಸಿದಾಗ ನಿಲ್ಲಿಸಿ. ಬುಡದ ಒಂದು ಮಗ್ಗುಲಿಗೆ ಒಂದು ಕಿಲೋದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಸಣ್ಣ ಸುತ್ತಿಗೆಯಿಂದ ಕುಟ್ಟಿ. ಹೀಗೆ ಆನಿಸಿ ಕುಟ್ಟಿದರೆ ಪೆಟ್ಟು ಬುಡದಲ್ಲೇ ಉಳಿಯುತ್ತದೆ, ಬೇರಿಂಗಿಗೆ ಹೋಗುವುದಿಲ್ಲ. ಸುತ್ತ ನಾಲ್ಕು ಕಡೆ ಕುಟ್ಟಿ, ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಇನ್ನೊಂದು ಕಾಲು ಸುತ್ತು. ಪುಲ್ಲರಿನ ಬೋಲ್ಟ್ ತಲೆಗೆ ಹೊಡೆಯುವ ಅಭ್ಯಾಸ ಹಲವರಿಗಿದೆ. ಆ ಪೆಟ್ಟು ಶಾಫ್ಟಿನುದ್ದಕ್ಕೂ ಹೋಗಿ ಹಿಂದಿನ ಬೇರಿಂಗಿಗೆ ಬೀಳುತ್ತದೆ. ಎರಡೂ ಬೇರಿಂಗ್ ಹೇಗೂ ಬದಲಿಸುವವರಾದರೂ ಕವರ್ ಬಿರಿಯುವ ಅಪಾಯ ಇದ್ದೇ ಇದೆ.

ಬಿಡುವಾಗ ಪುಲ್ಲಿ ‘ಟಕ್’ ಎಂದು ಹಠಾತ್ತನೆ ಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಪುಲ್ಲರಿನ ಮೇಲೆ ಗೋಣಿಚೀಲ ಹೊದಿಸಿ, ಶಾಫ್ಟಿನ ನೇರಕ್ಕೆ ನಿಲ್ಲಬೇಡಿ. ಒಂದೆರಡು ಮಿ.ಮೀ. ಬಂದು ಮತ್ತೆ ನಿಂತರೆ ಇನ್ನಷ್ಟು ಬಲ ಹಾಕಬೇಡಿ. ಪುಲ್ಲರ್ ಸಡಿಲಿಸಿ, ಎಣ್ಣೆ ಬಿಟ್ಟು, ಬುಡದ ಮೇಲೆ ಪೈಪಿನ ತುಂಡು ಇಟ್ಟು ಮೆಲ್ಲಗೆ ತಟ್ಟಿ ಹಿಂದಕ್ಕೆ ಕಳಿಸಿ, ಮತ್ತೆ ಎಳೆಯಿರಿ. ಟ್ಯಾಪ್ ಹಾಕುವಾಗ ಹಿಂದೆ ಮುಂದೆ ಮಾಡಿ ಪುಡಿ ತೆಗೆಯುವಂತೆಯೇ ಇದು. ಇಲ್ಲಿ ಒತ್ತಾಯ ಮಾಡಿದರೆ ಸ್ಕ್ರೂ ಎಬ್ಬಿಸಿದ ಏರಿ ಶಾಫ್ಟನ್ನು ಉದ್ದಕ್ಕೂ ಉಳುತ್ತದೆ.

ಕಾವು ಕೊಡುವುದು

ಪುಲ್ಲರಿಗೆ ಬಗ್ಗದಿದ್ದರೆ ಕಾವು. ಲೆಕ್ಕ ಹೀಗಿದೆ: 28 ಮಿ.ಮೀ. ತೂತಿನ ಬೀಡಿನ ಬುಡ ಶಾಫ್ಟಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ತೂತು ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ನೋಡಲು ಅತ್ಯಲ್ಪ, ಆದರೆ ತುಕ್ಕಿನ ಹಿಡಿತ ಬಿಡಿಸಲು ಅದು ಬೇಕಾದಷ್ಟಾಯಿತು. ಮುಖ್ಯವಾದುದು ‘ಶಾಫ್ಟಿಗಿಂತ’ ಎಂಬ ಮಾತು. ಬೀಡೂ ಉಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಎರಡೂ ಬಿಸಿಯಾದರೆ ಏನೂ ಸಿಗುವುದಿಲ್ಲ. ಬುಡ ಬೇಗ ಬಿಸಿಯಾಗಬೇಕು, ಶಾಫ್ಟ್ ತಣ್ಣಗಿರಬೇಕು.

ಮೊದಲು ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಡೀಸೆಲ್ ನೆನೆದ ಬಟ್ಟೆಗಳನ್ನು ದೂರ ಹಾಕಿ. ಹತ್ತಿರ ಒಂದು ಬಕೆಟ್ ನೀರು, ಮರಳು ಇರಲಿ. ಪುಲ್ಲರ್ ಬಿಗಿ ಮಾಡಿಯೇ ಇಟ್ಟು, ಶಾಫ್ಟಿನ ತುದಿಗೂ ಪುಲ್ಲಿಯ ಹಿಂಭಾಗಕ್ಕೂ ಒದ್ದೆ ಬಟ್ಟೆ ಸುತ್ತಿ. ಗ್ಯಾಸ್ ಟಾರ್ಚಿನಿಂದ ಬುಡವನ್ನು ಸುತ್ತಿ ಸುತ್ತಿ ಕಾಯಿಸಿ, ಜ್ವಾಲೆ ಒಂದೇ ಕಡೆ ನಿಲ್ಲಬಾರದು. ಹಾಟ್ ಏರ್ ಗನ್ ಸುರಕ್ಷಿತ, ಆದರೆ ಅದು ನಿಧಾನ. ಅಷ್ಟರಲ್ಲಿ ಶಾಫ್ಟಿಗೂ ಕಾವು ಹರಿದಿರುತ್ತದೆ. ನೀರಿನ ಹನಿ ಚಿಮುಕಿಸಿದರೆ ಚುಂಯ್ ಎಂದು ಕುಣಿದು ಹಾರಿಹೋಗುವಷ್ಟು ಬಿಸಿ, ಅಂದರೆ 150 ಡಿಗ್ರಿ ಆಸುಪಾಸು ಸಾಕು. ಕೆಂಪಗೆ ಕಾಯಿಸಬೇಡಿ. ಕಾವಿಗೆ ಬೇರಿಂಗಿನ ಗ್ರೀಸ್ ಕರಗಿ ಹರಿಯುತ್ತದೆ, ರಬ್ಬರ್ ಸೀಲ್ ಸುಡುತ್ತದೆ. ಆ ಬಿಸಿಯಲ್ಲಿ ಪುಲ್ಲರನ್ನು ತಿರುಗಿಸಿ. ಬಾರದಿದ್ದರೆ ಕಾಯಿಸುತ್ತಲೇ ಹೋಗಬೇಡಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಶುರುಮಾಡಿ. ಎರಡು ಮೂರು ಸಲ ಹಿಗ್ಗಿ ಕುಗ್ಗಿದಾಗಲೇ ತುಕ್ಕು ಪುಡಿಯಾಗುವುದು. ಇನ್ನೂ ಬಿಸಿ ಇರುವಾಗ ಶಾಫ್ಟಿನ ಸುತ್ತ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಸಂದಿನೊಳಗೆ ಸೆಳೆದುಕೊಳ್ಳುತ್ತದೆ. ಬಿಸಿ ಬೀಡಿನ ಮೇಲೆ ನೀರು ಮಾತ್ರ ಸುರಿಯಬಾರದು, ಸೀಳುತ್ತದೆ.

ಅಲ್ಯೂಮಿನಿಯಂ ಪುಲ್ಲಿ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಇನ್ನೂ ಸುಲಭವಾಗಿ ಬಿಡುತ್ತದೆ, ಅದಕ್ಕೆ ಹಾಟ್ ಏರ್ ಗನ್ ಸಾಕು. ಸಣ್ಣ ಮಷೀನುಗಳಲ್ಲಿ ಬೂದು ಬಣ್ಣದ, ಭಾರವಾದ ಸತುವಿನ ಎರಕದ ಪುಲ್ಲಿಗಳೂ ಇರುತ್ತವೆ. ಅವುಗಳಿಗೆ ಜ್ವಾಲೆ ತೋರಿಸಬಾರದು, 400 ಡಿಗ್ರಿಯ ಒಳಗೇ ಕರಗಿಬಿಡುತ್ತವೆ.

ಪ್ರೆಸ್ಸಿಗೆ ಒಯ್ಯುವುದು

ಬೇರಿಂಗ್ ಹೇಗೂ ಬದಲಿಸಬೇಕಿದ್ದರೆ ಮೋಟಾರನ್ನು ಬಿಚ್ಚಿ ರೋಟರ್, ಮುಂದಿನ ಕವರ್, ಪುಲ್ಲಿ ಮೂರನ್ನೂ ಒಟ್ಟಾಗಿ ಹೊರತೆಗೆಯಬಹುದು. ಬಿಚ್ಚುವ ಮೊದಲು ಕವರಿಗೂ ಮೈಗೂ ಅಡ್ಡಲಾಗಿ ಪಂಚ್‌ನಿಂದ ಗುರುತು ಹೊಡೆಯಿರಿ: ಮುಂದೆ ಒಂದು ಚುಕ್ಕೆ, ಹಿಂದೆ ಎರಡು. ಫ್ಯಾನ್, ಹಿಂದಿನ ಕವರ್ ತೆಗೆದು, ರೋಟರನ್ನು ವೈಂಡಿಂಗಿಗೆ ಉಜ್ಜದಂತೆ ಇಬ್ಬರು ಹಿಡಿದು ನೇರ ಎಳೆಯಿರಿ. ಸಿಂಗಲ್ ಫೇಸ್ ಮೋಟಾರಾದರೆ ಕವರಿನ ಒಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ವೈರು ಇರುತ್ತದೆ, ಎಳೆದು ಹರಿಯಬೇಡಿ. ಬೇರಿಂಗ್ ಗೂಡಿನಲ್ಲಿರುವ ಅಲೆಯಾಕಾರದ ವಾಷರ್ ಎಲ್ಲಿತ್ತೆಂದು ನೋಡಿಟ್ಟುಕೊಳ್ಳಿ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಪುಲ್ಲಿಯ ಬುಡದ ಹಿಂಭಾಗಕ್ಕೆ ಎರಡು ದಪ್ಪ ಪಟ್ಟಿ ಕೊಟ್ಟು ಶಾಫ್ಟನ್ನು ಒತ್ತಿಸಬೇಕು. ಕೆಳಗೆ ಬೀಳುವ ರೋಟರನ್ನು ಒಬ್ಬರು ಹಿಡಿದಿರಲಿ. ವೈಂಡಿಂಗ್ ಅಂಗಡಿಗಳಲ್ಲಿ ಇಲ್ಲವೇ ದೊಡ್ಡ ಗ್ಯಾರೇಜುಗಳಲ್ಲಿ ಪ್ರೆಸ್ ಇರುತ್ತದೆ.

ಕೊನೆಗೆ ಕೊಯ್ಯುವುದು

ಯಾವುದಕ್ಕೂ ಬಗ್ಗದ ಪುಲ್ಲಿಯನ್ನು ಕೀ ಇರುವ ಕಡೆಯೇ ಕೊಯ್ಯಬೇಕು. 28 ಮಿ.ಮೀ. ಶಾಫ್ಟಿನಲ್ಲಿ 7 ಮಿ.ಮೀ. ಎತ್ತರದ ಕೀ 4 ಮಿ.ಮೀ. ಶಾಫ್ಟಿನೊಳಗೆ ಇಳಿದು 3 ಮಿ.ಮೀ. ಮೇಲೆ ನಿಂತಿರುತ್ತದೆ. ಬ್ಲೇಡ್ ಆಳ ತಪ್ಪಿದರೂ ಮೊದಲು ಸಿಗುವುದು ಕೀ, ಶಾಫ್ಟ್ ಅಲ್ಲ. ಮೋಟಾರಿನ ಗಾಳಿಕಿಂಡಿಗಳನ್ನು, ಬೇರಿಂಗ್ ಕಡೆಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಬೀಡಿನ ಪುಡಿ ಒಳಗೆ ಹೋದರೆ ವೈಂಡಿಂಗಿಗೆ ಕೇಡು. ಆಂಗಲ್ ಗ್ರೈಂಡರಿಗೆ ತೆಳು ಕಟಿಂಗ್ ಬ್ಲೇಡ್ ಹಾಕಿ, ಕಾವಲು ಕವಚ ತೆಗೆಯದೆ, ಅಂಚಿನಿಂದ ತಟ್ಟೆ ಸೀಳಿ ಬುಡದವರೆಗೆ ಬನ್ನಿ. ಬುಡದ ಗೋಡೆಯ ದಪ್ಪವನ್ನು ಮೊದಲೇ ಅಳೆದು, ಕೀ ಮೇಲ್ಮೈ ತಲುಪಲು ಒಂದೆರಡು ಮಿ.ಮೀ. ಇರುವಂತೆ ನಿಲ್ಲಿಸಿ. ಸೀಳಿನಲ್ಲಿ ಚಪ್ಪಟೆ ಉಳಿ ಇಟ್ಟು ಒಂದೆರಡು ಪೆಟ್ಟು ಕೊಟ್ಟರೆ ಉಳಿದದ್ದು ಬಿರಿಯುತ್ತದೆ. ಬೀಡು ಪೆಟ್ಟಿಗೆ ಬಾಗುವುದಿಲ್ಲ, ಬಿರಿಯುತ್ತದೆ. ಒಂದೇ ಸೀಳು ಸಾಕು, ಹಿಡಿತ ಪೂರ್ತಿ ಬಿಟ್ಟುಹೋಗುತ್ತದೆ. ಗ್ರೈಂಡರಿನ ಕಿಡಿ ಹೊಟ್ಟಿನೊಳಗೆ ಬಿದ್ದರೆ ಗಂಟೆಗಟ್ಟಲೆ ಒಳಗೊಳಗೇ ಉರಿದು ಆಮೇಲೆ ಹೊತ್ತಿಕೊಳ್ಳಬಹುದು. ಈ ಕೆಲಸ ಸಂಜೆ ಮಾಡಿ ಬಾಗಿಲು ಹಾಕಿಕೊಂಡು ಹೋಗಬೇಡಿ.

ಮತ್ತೆ ಕೂರಿಸುವಾಗ

ಶಾಫ್ಟಿನ ಮೇಲೆ ಸ್ಕ್ರೂ ಎಬ್ಬಿಸಿದ ಏರಿಯನ್ನು ನಯವಾದ ಅರದಿಂದ ಸಮ ಮಾಡಿ, ಆ ಜಾಗದಲ್ಲಿ ಅರ್ಧ ಮಿ.ಮೀ. ಆಳದ ಸಣ್ಣ ಸಪಾಟು ಕೊಡಿ. ಮುಂದೆ ಸ್ಕ್ರೂ ಅಲ್ಲಿ ಕೂರುತ್ತದೆ, ಹೊಸ ಏರಿ ಎದ್ದರೂ ತೂತಿಗೆ ತಾಗುವುದಿಲ್ಲ. ಶಾಫ್ಟಿಗೆ 320 ನಂಬರಿನ ಎಮರಿ, ಪುಲ್ಲಿಯ ತೂತಿಗೆ ಕೋಲಿಗೆ ಸುತ್ತಿದ ಎಮರಿ. ತುಕ್ಕು ಮಾತ್ರ ಹೋಗಬೇಕು, ಲೋಹ ತಿನ್ನಬಾರದು. ಪುಲ್ಲಿ ಅಂಗೈಯ ತಟ್ಟಿಗೆ ಜಾರಿ ಕೂತರೆ ಸರಿಯಾದ ಹಿಡಿತ. ಅಲ್ಲಾಡಿದರೆ ಲೇತಿನಲ್ಲಿ ಬುಶ್ ಹಾಕಿಸಿ. ತಗಡಿನ ಚೂರು ತುರುಕಿ ಬಿಗಿ ಮಾಡಿದ ಪುಲ್ಲಿ ಓರೆಯಾಗಿ ಓಡಿ ಬೆಲ್ಟನ್ನೂ ಬೇರಿಂಗನ್ನೂ ತಿನ್ನುತ್ತದೆ. ಕೀ ಪಕ್ಕಗಳಲ್ಲಿ ಬಿಗಿಯಾಗಿ, ಮೇಲೆ ಕೂದಲೆಳೆ ಸಂದು ಬಿಟ್ಟು ಕೂರಬೇಕು. ಪಕ್ಕ ಸವೆದ ಕೀ ಮತ್ತೆ ಹಾಕಬೇಡಿ, ಹೊಸ ಕೀ ಉಕ್ಕಿನ ತುಂಡು ಅಗ್ಗ.

ಶಾಫ್ಟಿಗೆ ಕಾಪರ್ ಗ್ರೀಸನ್ನು ಬೆರಳಲ್ಲಿ ಸವರಿ, ಹೆಚ್ಚಾದದ್ದನ್ನು ಒರೆಸಿ, ಇಲ್ಲದಿದ್ದರೆ ಹೊಟ್ಟು ಅಂಟುತ್ತದೆ. ಪುಲ್ಲಿಯನ್ನು ಹೊಡೆದು ಕೂರಿಸಬೇಡಿ. ಶಾಫ್ಟಿನ ತುದಿಯ ಮರೆಗೆ ಎಂ10 ಸ್ಟಡ್ ಹಾಕಿ, ದಪ್ಪ ವಾಷರ್, ನಟ್ ಕೊಟ್ಟು ಬಿಗಿಯುತ್ತ ಒಳಗೆ ಎಳೆದುಕೊಳ್ಳಿ.

ಹೊಸ ಪುಲ್ಲಿ ತರುವುದಾದರೆ ಹಳೆಯ ವ್ಯಾಸವೇ ಇರಲಿ. 1440 ಆರ್‌ಪಿಎಂ ಮೋಟಾರಿಗೆ 200 ಮಿ.ಮೀ. ಪುಲ್ಲಿ, ರಂದಾದ ಬ್ಲೇಡ್ ಬ್ಲಾಕಿಗೆ (ಬ್ಲೇಡ್ ಹಿಡಿದು ತಿರುಗುವ ದಿಂಡಿಗೆ) 75 ಮಿ.ಮೀ. ಪುಲ್ಲಿ ಇದ್ದರೆ ಬ್ಲಾಕ್ ಸುಮಾರು 3840 ಸುತ್ತು ಓಡುತ್ತದೆ. ಅಂಗಡಿಯಲ್ಲಿ ಸಿಕ್ಕಿತೆಂದು 250ರದು ಹಾಕಿದರೆ 4800 ಆಗುತ್ತದೆ. ಬ್ಲೇಡ್ ಹಿಡಿದಿರುವ ಬೋಲ್ಟುಗಳ ಮೇಲಿನ ಬಲ ವೇಗದ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಆ ಬೋಲ್ಟುಗಳು ಅದಕ್ಕಾಗಿ ಮಾಡಿದವಲ್ಲ.

ಎರಡೂ ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಅಥವಾ ಬಿಗಿದ ದಾರ ಹಿಡಿದು ಸಾಲು ನೋಡಿ. ಗ್ರಬ್ ಸ್ಕ್ರೂಗಳಿಗೆ ನೀಲಿ ಬಣ್ಣದ ಥ್ರೆಡ್ ಲಾಕ್ ಒಂದು ಹನಿ ಹಾಕಿ ಬಿಗಿಯಿರಿ. ಬೆಲ್ಟ್ ಬಿಗಿಗೆ ಲೆಕ್ಕ: ಎರಡು ಪುಲ್ಲಿಗಳ ನಡುವಿನ 100 ಮಿ.ಮೀ. ಬೆಲ್ಟಿಗೆ 1.6 ಮಿ.ಮೀ.ನಂತೆ, 500 ಮಿ.ಮೀ. ಇದ್ದರೆ ನಡುವೆ ಹೆಬ್ಬೆರಳಲ್ಲಿ ಒತ್ತಿದಾಗ 8 ಮಿ.ಮೀ. ಬಗ್ಗಬೇಕು. ಮೊದಲ ದಿನ ಎರಡು ಮೂರು ಗಂಟೆ ಓಡಿಸಿದ ಮೇಲೆ ಕರೆಂಟ್ ತೆಗೆದು ಸ್ಕ್ರೂ, ಬೆಲ್ಟ್ ಎರಡನ್ನೂ ಮತ್ತೊಮ್ಮೆ ಬಿಗಿ ನೋಡಿ. ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಪುಲ್ಲಿಯ ಬುಡದ ಹೊಟ್ಟು ತೆಗೆದು ಶಾಫ್ಟಿನ ತುದಿಗೆ ಎರಡು ಹನಿ ಎಣ್ಣೆ ಸವರಿಡಿ.